ಕ್ರಯಪತ್ರದ ಮೊದಲ ಹೆಸರು

ಗುರುವಾರ ಹನ್ನೆರಡೂವರೆಗೆ ಬ್ಯಾಂಕಿನಿಂದ ಫೋನು ಬಂದಾಗ ಬಸವನಗುಡಿಯ ನಮ್ಮ ಶಾಲೆಯ ಫೀಸು ಕೌಂಟರಿನೆದುರು ಏಳೆಂಟು ಪೋಷಕರು ಸಾಲಾಗಿ ನಿಂತಿದ್ದರು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ರಸೀದಿ ಹರಿಯುತ್ತಲೇ ಮಾತಾಡಿದೆ. ಫೋನು ಮಾಡಿದವರು ಆತ್ರೇಯ, ನಮ್ಮ ಮನೆ ಸಾಲದ ಫೈಲು ನೋಡಿಕೊಳ್ಳುತ್ತಿದ್ದ ಅಧಿಕಾರಿ.

"ಮೇಡಂ, ಕ್ರಯಪತ್ರದ ಡ್ರಾಫ್ಟ್ ನೋಡ್ದೆ. ಅದರಲ್ಲಿ ಧರ್ಮೇಂದ್ರ ಅಂತ ಇನ್ನೊಂದು ಹೆಸರಿದೆಯಲ್ಲ?"

"ನಮ್ಮ ಯಜಮಾನ್ರು."

"ಅವರ ಹೆಸರು ಯಾಕೆ ಬಂತು?"

ನನಗೆ ನಗು ಬಂತು. "ಯಾಕೆ ಬಂತು ಅಂದ್ರೆ ಏನ್ ಹೇಳ್ಲಿ ಸಾರ್? ಇಪ್ಪತ್ತು ವರ್ಷದ ಹಿಂದೆ ತಾಳಿ ಕಟ್ಟಿದ್ರು, ಅದಕ್ಕೇ ಬಂತು."

ಅವರು ನಗಲಿಲ್ಲ. "ಮನೆಗೆ ಯಾರ್ಯಾರು ಓನರ್ ಆಗ್ತಾರೋ ಅವರೆಲ್ಲ ಸಾಲಕ್ಕೂ ಸೈನ್ ಹಾಕ್ಬೇಕು ಮೇಡಂ. ಅದಕ್ಕೇ ನಿನ್ನೆ ಅವರ ಫೋನಿಗೆ ಓಟಿಪಿ ಕಳಿಸಿ ಹಳೇ ಸಾಲಗಳ ಸಿಬಿಲ್ ರಿಪೋರ್ಟು ತೆಗೆಸ್ದೆ. ಸ್ಕೋರು ಐನೂರ ಎಂಬತ್ತೆಂಟು. ಒಂದು ಹಳೇ ಕ್ರೆಡಿಟ್ ಕಾರ್ಡಿನ ಬಾಕೀನ ಅರ್ಧಕ್ಕೆ ಮುಗಿಸಿದಾರೆ."

"ಹೌದು, ಮುಗಿದೋಗಿದೆ ಅದು."

"ಅರ್ಧ ಕಟ್ಟಿದ್ರೆ ನಮ್ಮ ಲೆಕ್ಕದಲ್ಲಿ ಮುಗಿಯಲ್ಲ. ಉಳಿದರ್ಧ ಬ್ಯಾಂಕು ಕಳಕೊಂಡಿದೆ ಅಂತ ವರ್ಷಗಟ್ಟಲೆ ಹಾಗೇ ತೋರಿಸ್ತಿರುತ್ತೆ. ಇದಿಟ್ಕೊಂಡು ನಾನು ಸಾಲದ ಡಿಡಿ ಮಾಡ್ಸಕ್ಕಾಗಲ್ಲ. ಒಂದೋ ಅವರು ಪೂರ್ತಿ ಕಟ್ಟಿ ಅದು ಸಿಬಿಲ್‌ನಲ್ಲಿ ಬರ್ಬೇಕು. ಇಲ್ಲಾಂದ್ರೆ ಅವರ ಹೆಸರು ತೆಗೆಸ್ಬಿಡಿ, ಸಿಂಪಲ್ಲು. ಬುಧವಾರ ರಿಜಿಸ್ಟ್ರೇಶನ್ ಅಲ್ವಾ?"

ಬುಧವಾರವೇ. ನಾನು ಮುಂದೆ ನಿಂತಿದ್ದ ತಾಯಿಗೆ ಚಿಲ್ಲರೆ ಕೊಟ್ಟೆ. ಅವರು ಎಣಿಸಿ ನೋಡಿ, "ಐನೂರು ಜಾಸ್ತಿ ಕೊಟ್ಟಿದೀರಾ ಮೇಡಂ" ಎಂದು ವಾಪಸು ಚಾಚಿದರು.

ಚಾಮರಾಜಪೇಟೆಯ ಆ ಮನೆಯಲ್ಲಿ ನಾವು ಒಂಬತ್ತು ವರ್ಷದಿಂದ ಭೋಗ್ಯಕ್ಕಿದ್ದೇವೆ. ಮೇಲೆ ಓನರು ಅಂಬುಜಮ್ಮ, ಕೆಳಗೆ ಎರಡು ರೂಮು, ಅಡುಗೆಮನೆಯಲ್ಲಿ ನಾವು. ಹನ್ನೊಂದು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇದ್ದವರು. ಹೋದ ವರ್ಷ ಅಂಬುಜಮ್ಮ ಕೆಳಗಿನ ಭಾಗ ಮಾರುತ್ತೇನೆ ಎಂದಾಗ ಮೊದಲು ಕೇಳಿದ್ದು ನಮ್ಮನ್ನೇ. ಮೂವತ್ತೆಂಟು ಲಕ್ಷ. ಭೋಗ್ಯದ ಹನ್ನೊಂದು ಅದಕ್ಕೇ ವಜಾ, ಅಡ್ವಾನ್ಸು ಎರಡು ಕೊಟ್ಟಿದ್ದೆವು, ಉಳಿದ ಇಪ್ಪತ್ತೈದು ಬ್ಯಾಂಕಿನದು. ಬುಧವಾರ ಅಗ್ರಿಮೆಂಟಿನ ಕೊನೆಯ ದಿನ. ಅದು ದಾಟಿದರೆ ಅಡ್ವಾನ್ಸು ಹೋಯಿತು, ಭೋಗ್ಯದ ಹಣ ಹಿಡಿದುಕೊಂಡು ನಾವು ಹೊರಗೆ. ಹನ್ನೊಂದು ಲಕ್ಷಕ್ಕೆ ಈಗ ಆ ಬೀದಿಯಲ್ಲಿ ಒಂದು ರೂಮೂ ಸಿಗುವುದಿಲ್ಲ.

ಅಂಬುಜಮ್ಮನ ಮಗ ಸಮರ್ಥನಿಗೆ ಇನ್ಯಾರೋ ನಲವತ್ತೈದು ಹೇಳಿದ್ದರು. ಗೇಟಿನ ಹತ್ತಿರ ಸಿಕ್ಕಾಗಲೆಲ್ಲ ಅವನು ನಗುನಗುತ್ತಾ, "ಬುಧವಾರ ತಾನೇ ಹರಿಣಾಕ್ಷಿಯವ್ರೇ?" ಎಂದು ಕೇಳುತ್ತಿದ್ದ.

ಇನ್ನು ಆ ಹೆಸರು. ಅದನ್ನು ಬರೆಸಿದ್ದು ನಾನೇ.

ಸಾಲ ನನ್ನ ಹೆಸರಲ್ಲಿತ್ತು, ಅಗ್ರಿಮೆಂಟೂ ನನ್ನ ಹೆಸರಲ್ಲಿತ್ತು. ಅವರ ಸಿಬಿಲ್ ಚೆನ್ನಾಗಿಲ್ಲವೆಂದು ಗೊತ್ತಿದ್ದರಿಂದಲೇ ಹಾಗೆ ಮಾಡಿದ್ದು. ನನ್ನದೂ ಮೊದಲಿನಿಂದ ಚೆನ್ನಾಗೇನೂ ಇರಲಿಲ್ಲ. ಲಾಕ್‌ಡೌನಿನಲ್ಲಿ ಶಾಲೆಯವರು ಅರ್ಧ ಸಂಬಳ ಕೊಟ್ಟಾಗ ಸ್ಕೂಟರಿನ ಕಂತು ಐದು ತಿಂಗಳು ತಪ್ಪಿ, ಆರುನೂರ ಒಂದಕ್ಕೆ ಬಿದ್ದಿತ್ತು. ಯಾವ ಬ್ಯಾಂಕೂ ಕಾರ್ಡು ಕೊಡಲಿಲ್ಲ. ಇಪ್ಪತ್ತು ಸಾವಿರ ಠೇವಣಿ ಇಟ್ಟು, ಅದರ ಮೇಲೊಂದು ಕಾರ್ಡು ತೆಗೆದುಕೊಂಡೆ. ತಿಂಗಳಿಗೆ ಗ್ಯಾಸು, ಕರೆಂಟು, ಅಷ್ಟೇ. ಮಿತಿಯ ಮೂರನೇ ಒಂದು ಭಾಗ ದಾಟದ ಹಾಗೆ, ಬಿಲ್ಲಿನ ತಾರೀಕಿಗೆ ಮುಂಚೆಯೇ ಕಟ್ಟಿಬಿಡುವುದು. ಒಂದು ವರ್ಷ ಕಳೆದ ಮೇಲೆ ಅದೇ ಬ್ಯಾಂಕು ಒಂದೂವರೆ ಲಕ್ಷದ ಕಾರ್ಡು ಕೊಟ್ಟಿತು. ಅದರಲ್ಲೂ ಹಾಗೇ. "ಮಂಗಳಾರತಿ ಎತ್ತಮ್ಮ ಆ ಕಾರ್ಡಿಗೆ" ಎಂದು ಮಗಳು ಆರಾಧನಾ ರೇಗಿಸುತ್ತಿದ್ದಳು. ಎರಡು ವರ್ಷಕ್ಕೆ ಸ್ಕೋರು ಏಳುನೂರ ನಲವತ್ತೊಂದಾಯಿತು. ಅದರ ಮೇಲೆ ನಿಂತಿತ್ತು ಇಪ್ಪತ್ತೈದು ಲಕ್ಷ.

ಆದರೆ ಪತ್ರ ಬರೆಯುವ ದಾಸಪ್ಪನವರು "ನಿಮ್ಮೊಬ್ರದೇನಾ ತಾಯಿ?" ಎಂದಾಗ ನನ್ನ ಬಾಯಿಂದ "ಇಬ್ರದೂ ಹಾಕಿ, ಅವರದ್ದೇ ಮೊದ್ಲು" ಎಂದು ಬಂದುಬಿಟ್ಟಿತು. ಸಾಲ ಬ್ಯಾಂಕಿಗೂ ನನಗೂ ಸೇರಿದ್ದು, ಮನೆ ನಮ್ಮಿಬ್ಬರದು ಅಂತಲೇ ನಾನು ತಿಳಿದುಕೊಂಡಿದ್ದೆ. ಇನ್ನೊಂದು ಕಾರಣವೂ ಇತ್ತು. ಧರ್ಮೇಂದ್ರ ಕಲಾಸಿಪಾಳ್ಯದಲ್ಲಿ ಹುರುಳಿಕಾಯಿ, ಕ್ಯಾರೆಟ್ಟಿನ ಮಂಡಿ ವ್ಯಾಪಾರ ಮಾಡುತ್ತಾರೆ. ಮಂಡಿಯಲ್ಲಿ ಯಾರೋ "ಏನ್ ಧರ್ಮಣ್ಣ, ಹೆಂಡ್ತಿಗೆ ಬಾಡಿಗೆ ಎಷ್ಟು ಕೊಡ್ತೀಯಾ?" ಎಂದು ಕೇಳಿದರಂತೆ. ಅದನ್ನು ಮನೆಯಲ್ಲಿ ನಗುತ್ತಲೇ ಹೇಳಿದರು. ಆದರೆ ಅವತ್ತು ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿದಿತ್ತು. ಡ್ರಾಫ್ಟಿನಲ್ಲಿ ತಮ್ಮ ಹೆಸರು ನೋಡಿದ ದಿನ ಅದರ ಫೋಟೋ ಹೊಡೆದುಕೊಂಡು ಮಂಡಿಗೆಲ್ಲ ತೋರಿಸಿದ್ದರು. ಬ್ಯಾಂಕಿನಿಂದ ಓಟಿಪಿ ಬಂದಾಗ ಮದುವೆಗೆ ಕರೆ ಬಂದಷ್ಟು ಖುಷಿಯಿಂದ ಹೇಳಿದ್ದರು.

ಅವತ್ತು ಸಂಜೆ ಮನೆಗೆ ಬಂದಾಗ ಅವರು ನಿದ್ದೆ ಮುಗಿಸಿ ಕಾಫಿ ಕುಡಿಯುತ್ತಿದ್ದರು. ಬೆಳಗಿನ ಜಾವ ಮಂಡಿಗೆ ಹೋಗುವವರಿಗೆ ಸಂಜೆಯೇ ಬೆಳಗು.

"ರೀ, ಆ ಹಳೇ ಕಾರ್ಡು ಇತ್ತಲ್ಲ, ಐವತ್ತೈದು ಸಾವಿರಕ್ಕೆ ಮುಗಿಸಿದ್ದು."

"ಅದ್ಯಾಕೆ ಈಗ? ಮುಗೀತಲ್ಲ."

"ಮುಗಿದಿಲ್ವಂತೆ."

ಅವರು ಲೋಟ ಕೆಳಗಿಟ್ಟರು. "ಎಲೆ ತಗೊಂಡಿದಾನೆ ಕಣೆ ಅವ್ನು! ಸೊಣ್ಣಪ್ಪಣ್ಣನ ಮುಂದೆ, ಕೈಯಾರೆ ತಗೊಂಡಿದಾನೆ!"

ಅದು ಮಂಡಿಯ ಪದ್ಧತಿ. ಯಾರದಾದರೂ ವ್ಯಾಪಾರ ಮುಳುಗಿ ಬಾಕಿ ತೀರಿಸಲಾಗದೆ ಹೋದರೆ, ಹಿರಿಯರು ಕೂತು ಇಷ್ಟಕ್ಕೆ ಮುಗಿಸಿ ಎನ್ನುತ್ತಾರೆ. ಕೊಡುವವನು, ತಗೊಳ್ಳುವವನು ಇಬ್ಬರೂ ಒಂದೇ ತಟ್ಟೆಯಿಂದ ವೀಳ್ಯದೆಲೆ ತೆಗೆದುಕೊಳ್ಳಬೇಕು. ಆಮೇಲೆ ಆ ಬಾಕಿಯ ಮಾತನ್ನು ಯಾರೂ ಎತ್ತುವಂತಿಲ್ಲ. ಎತ್ತಿದವನಿಗೇ ಅವಮಾನ. ಲಾಕ್‌ಡೌನಿನಲ್ಲಿ ಎರಡು ಲೋಡು ಹುರುಳಿಕಾಯಿ ಕೊಳೆತು, ಕಾರ್ಡಿನ ಬಾಕಿ ಒಂದು ಲಕ್ಷ ಮೂವತ್ತೆಂಟು ಸಾವಿರಕ್ಕೆ ನಿಂತಾಗ, ವಸೂಲಿಯವನು ಮಂಡಿಗೇ ಬಂದು ಕೂಗಾಡಿದ್ದ. ಮಂಡಿಯ ಹಿರಿಯ ಸೊಣ್ಣಪ್ಪನವರೇ ಅವನನ್ನು ಕೂರಿಸಿ ಮಾತಾಡಿದರು. ನನ್ನ ಸರ ಅಡವಿಟ್ಟು ಐವತ್ತೈದು ಕೊಟ್ಟೆವು. ಅವನು ಎಲೆ ತೆಗೆದುಕೊಂಡು, ನಕ್ಕು, ಬೈಕ್ ಹತ್ತಿ ಹೋದ. ಬ್ಯಾಂಕಿನಿಂದ ಪತ್ರವೂ ಬಂತು. ಇಂಗ್ಲಿಷಿನ ಆ ಪತ್ರವನ್ನು ನಾವು ಮೊದಲ ಸಾಲಿನಾಚೆ ಓದಲೇ ಇಲ್ಲ. ಎಲೆ ತೆಗೆದುಕೊಂಡ ಮೇಲೆ ಓದುವುದೇನಿದೆ?

"ಎಲೆ ತಗೊಂಡಿದ್ದನ್ನ ಅವ್ನು ಕಂಪ್ಯೂಟರ್‌ಗೆ ಹಾಕಿಲ್ಲ" ಎಂದೆ.

ಒಳಗೆ ಓದುತ್ತಿದ್ದ ಆರಾಧನಾ ಕಿಸಕ್ಕನೆ ನಕ್ಕಳು. ಅಪ್ಪ ತಿರುಗಿ ನೋಡಿದ್ದೇ ಪುಸ್ತಕ ಮುಖಕ್ಕೆ ಹಿಡಿದಳು.

ಆತ್ರೇಯ ಹೇಳಿದ ಎರಡು ದಾರಿಯಲ್ಲಿ ನಾನು ಒಂದನ್ನೇ ಹೇಳಿದೆ. ಎರಡನೆಯದು ಬಾಯಿಗೆ ಬರಲಿಲ್ಲ.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಇಬ್ಬರೂ ವೈಯಾಲಿಕಾವಲಿಗೆ ಹೋದೆವು. ಬ್ಯಾಂಕು ನಮ್ಮ ಉಳಿದರ್ಧವನ್ನು ಯಾವುದೋ ಕಂಪನಿಗೆ ಮಾರಿಬಿಟ್ಟಿತ್ತಂತೆ. ಅವರ ಆಫೀಸು ಒಂದು ಟೈಲರ್ ಅಂಗಡಿಯ ಮೇಲೆ. ಅಲ್ಲಿದ್ದವರು ತ್ರಿಪುರಸುಂದರಿ ಎಂಬ ಹೆಂಗಸು. ನನ್ನಷ್ಟೇ ವಯಸ್ಸು, ಟೇಬಲ್ಲಿನ ಮೇಲೆ ಬಿಚ್ಚದ ಊಟದ ಡಬ್ಬಿ. ಕಂಪ್ಯೂಟರ್ ನೋಡಿ ಹೇಳಿದರು, ಎಂಬತ್ತಮೂರು ಸಾವಿರ ಬೆಳೆದು ಎರಡು ಲಕ್ಷ ದಾಟಿದೆ, ಬಡ್ಡಿ ಬಿಟ್ಟು ಒಂದು ಲಕ್ಷ ನಲವತ್ತೆರಡು ಸಾವಿರಕ್ಕೆ ಪೂರ್ತಿ ಕಟ್ಟಿದ ಹಾಗೆ ಮಾಡಿಕೊಡಬಹುದು ಎಂದು.

"ಕಟ್ಟಿದ್ರೆ ಇವತ್ತೇ ಬರ್ಕೊಡ್ತೀರಾ?" ಧರ್ಮೇಂದ್ರ ಕೇಳಿದರು.

"ರಸೀದಿ ಇವತ್ತೇ ಕೊಡ್ತೀನಿ ಅಣ್ಣಾ. ಬಾಕಿ ಇಲ್ಲ ಅನ್ನೋ ಪತ್ರ ಮುಂಬೈಯಿಂದ ಬರ್ಬೇಕು, ಹದಿನೈದು ವರ್ಕಿಂಗ್ ಡೇಸು. ಸಿಬಿಲ್‌ನಲ್ಲಿ ಬದಲಾಗಕ್ಕೆ ಅದರ ಮೇಲೆ ಒಂದು ತಿಂಗಳಾದ್ರೂ ಬೇಕು."

"ಬುಧವಾರ ರಿಜಿಸ್ಟ್ರೇಶನ್ ಇದೆಯಮ್ಮ."

"ಎಲ್ಲರೂ ಹಂಗೇ ಬರ್ತಾರೆ ಅಣ್ಣಾ, ನಾಳೆ ಮದ್ವೆ ಇಟ್ಕೊಂಡು ಇವತ್ತು ಹೆಣ್ಣು ನೋಡಕ್ಕೆ." ಬೈಗುಳವಾಗಿ ಹೇಳಿದ್ದಲ್ಲ, ಸುಸ್ತಾದ ದನಿಯಲ್ಲಿ ಹೇಳಿದ್ದು. "ನಾನೂ ಸಂಬಳಕ್ಕಿರೋಳು. ನನ್ನ ಕೈಲಿ ರಸೀದಿ ಪುಸ್ತಕ ಬಿಟ್ರೆ ಬೇರೇನಿಲ್ಲ."

"ದುಡ್ಡು ಕೈಗೆ ಬಂದ್ಮೇಲೆ ಒಂದು ಚೀಟಿ ಕೊಡಕ್ಕೆ ಒಂದು ತಿಂಗಳಾ? ನಮ್ಮ ಮಂಡೀಲಿ ಹೀಗ್ಮಾಡಿದ್ರೆ ರೈತ ಎದೆ ಮೇಲೆ ಮೂಟೆ ಇಳಿಸ್ತಾನೆ."

ವಾಪಸು ಬಸ್ಸಿನಲ್ಲಿ ಅವರು ಕಿಟಕಿಯಾಚೆ ನೋಡುತ್ತಿದ್ದರು. ಹೆಸರು ತೆಗೆಸೋಣ, ಆಮೇಲೆ ಸಿಬಿಲ್ ಸರಿಯಾದ ಮೇಲೆ ದಾನಪತ್ರ ಮಾಡಿ ಮತ್ತೆ ಸೇರಿಸೋಣ ಎಂದು ಹೇಳಬೇಕಿತ್ತು. ಮಲ್ಲೇಶ್ವರಂ ದಾಟುವಾಗ ಬಾಯಿ ತೆರೆದೆ, ಕಂಡಕ್ಟರ್ ಚಿಲ್ಲರೆ ಕೇಳಿದ. ಮೆಜೆಸ್ಟಿಕ್ಕಿನಲ್ಲಿ ತೆರೆದೆ, ಅವರಿಗೆ ಫೋನು ಬಂತು. ಮನೆಯ ತಿರುವಿನಲ್ಲಿ ಯಾವ ನೆಪವೂ ಇರಲಿಲ್ಲ. ಆದರೂ ಹೇಳಲಿಲ್ಲ. ಆ ಮೌನಕ್ಕೆ ಒಂದು ಲಕ್ಷ ನಲವತ್ತೆರಡು ಸಾವಿರ ತೆತ್ತೆ.

ಶನಿವಾರ ಎರಡು ಗಂಟೆಗೆ ಶಾಲೆಯಿಂದ ಬಂದಾಗ ಅವರು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಹಾಲಿನ ಕುರ್ಚಿಯಲ್ಲಿ ಕೂತಿದ್ದರು. ಕೈಯಲ್ಲೊಂದು ಕಾಗದ.

"ತಗೋ. ಈಗ ಕೇಳು ನಿನ್ನ ಬ್ಯಾಂಕಿನವ್ರನ್ನ."

ಒಂದು ಲಕ್ಷ ನಲವತ್ತೆರಡು ಸಾವಿರದ ರಸೀದಿ. ಕೆಳಗೆ ತ್ರಿಪುರಸುಂದರಿಯ ಸಹಿ.

"ಎಲ್ಲಿಂದ ತಂದ್ರಿ ದುಡ್ಡು?"

"ಚೀಟಿ ದುಡ್ಡು ಇತ್ತಲ್ಲ."

ಮಂಡಿಯ ಚೀಟಿ ಎತ್ತಿ ಅವರ ಖಾತೆಯಲ್ಲಿಟ್ಟಿದ್ದ ಎರಡು ಲಕ್ಷ ತೊಂಬತ್ತು ಸಾವಿರ. ಅದು ಬುಧವಾರ ನೋಂದಣಿಗೆ ಕಟ್ಟಬೇಕಾದ ಮುದ್ರಾಂಕದ ಹಣ. ನಾನು ಅಲ್ಲೇ ನೆಲದ ಮೇಲೆ ಕೂತೆ. ಕೈಚೀಲ ಹೆಗಲಲ್ಲೇ ಇತ್ತು.

"ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ?"

"ನನ್ನ ಹೆಸರಿನ ವಿಷ್ಯ ಅದು. ನಿನ್ನ ಕೇಳಿ ಮಾಡ್ಬೇಕಿತ್ತಾ?"

"ಅವ್ರು ಹೇಳಿದ್ದು ಕೇಳಿಸ್ಲಿಲ್ವಾ ನಿಮ್ಗೆ? ಒಂದು ತಿಂಗಳು ಅಂತ ಹೇಳಿದ್ರು! ಬುಧವಾರ ಏನ್ ಕಟ್ಟೋದು? ಸ್ಟಾಂಪಿಗೆ ಏನ್ ಕಟ್ಟೋದು ರೀ?"

"ದುಡ್ಡು ಬಿದ್ಮೇಲೆ ಯಾವನಾದ್ರೂ ಮಾತಿಗೆ ಬರ್ಲೇಬೇಕು. ಮೂವತ್ತು ವರ್ಷದಿಂದ ಮಂಡೀಲಿ ನೋಡಿದೀನಿ." ಆಮೇಲೆ ದನಿ ತಗ್ಗಿಸಿ ಹೇಳಿದರು, "ನಮ್ಮಪ್ಪ ಇಟ್ಟ ಹೆಸರು ಕಣೆ. ಆರು ವರ್ಷದಿಂದ ಯಾವನೋ ಅಡ ಇಟ್ಕೊಂಡಿದ್ದ ಅಂತ ನಂಗೇ ಗೊತ್ತಿರ್ಲಿಲ್ಲ. ಬಿಡಿಸ್ಕೊಂಡು ಬಂದೆ, ಅಷ್ಟೆ."

ನಾನು ಏನೇನೋ ಕೂಗಿದೆ. ಮಂಡಿ, ಎಲೆ, ಅವರ ಅಪ್ಪ, ಯಾವುದನ್ನೂ ಬಿಡಲಿಲ್ಲ. ಮೇಲಿನಿಂದ ಅಂಬುಜಮ್ಮ "ಹರಿಣಾಕ್ಷೀ, ಏನಾದ್ರೂ ಬೇಕೇನೇ?" ಎಂದು ಕೇಳುವವರೆಗೂ ಕೂಗಿದೆ. ಆರಾಧನಾ ಬಂದು ಕಿಟಕಿ ಮುಚ್ಚಿದಳು. "ಸಮರ್ಥ ಅಂಕಲ್ ಮೆಟ್ಟಿಲ ಮೇಲೆ ನಿಂತಿದಾರೆ ಅಮ್ಮ" ಎಂದಳು ಮೆಲ್ಲಗೆ.

ಭಾನುವಾರವೆಲ್ಲ ಫೋನು. ನನ್ನ ಅಣ್ಣ ರಾಮಾಂಜಿನಪ್ಪ, "ನನ್ನ ಹತ್ರ ಇರೋದು ಎರಡು ಎಮ್ಮೆ, ಒಂದು ಬೋರ್‌ವೆಲ್ಲು ಕಣಮ್ಮ. ಯಾವ್ದು ಕಳಿಸ್ಲಿ?" ಎಂದ. ಬುಧವಾರ ಸಾಕ್ಷಿ ಹಾಕಲು ಮಾತ್ರ ಬರುತ್ತೇನೆ ಎಂದ. ಸೊಣ್ಣಪ್ಪನವರು ಕೊಡಿಸುತ್ತೇನೆಂದ ಹಣಕ್ಕೆ ದಿನದ ಬಡ್ಡಿ. ಲೆಕ್ಕ ಹಾಕಿದರೆ ಮೂರು ತಿಂಗಳಲ್ಲಿ ಅಸಲಿನಷ್ಟೇ ಆಗುತ್ತಿತ್ತು. ಶಾಲೆಯಲ್ಲಿ ಮುಂಗಡ ಕೇಳಿದರೆ ಸಂಬಳದ ಚೀಟಿಯಲ್ಲಿ ಬರುತ್ತದೆ, ಬ್ಯಾಂಕು ನೋಡುತ್ತದೆ. ಪರ್ಸಿನಲ್ಲಿ ಆ ಕಾರ್ಡು ಇತ್ತು, ಒಂದೂವರೆ ಲಕ್ಷದ್ದು. ಎರಡು ಸಲ ಹೊರಗೆ ತೆಗೆದೆ, ಎರಡು ಸಲ ಒಳಗಿಟ್ಟೆ.

ಸೋಮವಾರ ಬೆಳಿಗ್ಗೆ ಇಬ್ಬರೂ ಬ್ಯಾಂಕಿಗೆ ಹೋದೆವು. ಧರ್ಮೇಂದ್ರ ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗೆ ಹಿಡಿದುಕೊಂಡಿದ್ದರು. ಆತ್ರೇಯ ಎದ್ದು ನಿಂತು ಅವರಿಗೆ ಕುರ್ಚಿ ಕೊಟ್ಟರು, ರಸೀದಿಯನ್ನು ಎರಡು ಸಲ ಓದಿದರು.

"ಕಟ್ಟಿದ್ದು ಒಳ್ಳೇದೇ ಆಯ್ತು ಸಾರ್. ಮುಂದಕ್ಕೆ ನಿಮ್ಗೆ ಉಪಯೋಗಕ್ಕೆ ಬರುತ್ತೆ."

"ಮುಂದಕ್ಕಲ್ಲ ಸಾರ್, ಬುಧವಾರಕ್ಕೆ."

"ರಿಪೋರ್ಟಿನಲ್ಲಿ ಬರೋವರ್ಗೂ ನನ್ನ ಸಿಸ್ಟಮ್ ಒಪ್ಪಲ್ಲ ಸಾರ್. ನಾನೇ ಒಪ್ತೀನಿ ಅಂದ್ರೂ ಅದು ಒಪ್ಪಲ್ಲ."

"ನೀವು ಸಿಸ್ಟಮ್‌ಗಿಂತ ದೊಡ್ಡೋರಲ್ವಾ?"

"ಅಲ್ಲ ಸಾರ್." ನಾಚಿಕೆಯಿಲ್ಲದೆ, ನಿಜವನ್ನೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. "ಮೇಡಂ, ನಾಳೆ ಹನ್ನೊಂದರೊಳಗೆ ನಿಮ್ಮೊಬ್ಬರ ಹೆಸರಿನ ಡ್ರಾಫ್ಟ್ ಬಂದ್ರೆ ಸಂಜೆ ಡಿಡಿ. ಇನ್ನೊಂದು ಮಾತು, ಡಿಡಿ ಪ್ರಿಂಟಾಗೋ ಮುಂಚೆ ನಿಮ್ಮ ಸಿಬಿಲ್ ಇನ್ನೊಂದ್ಸಲ ತೆಗೀತೀವಿ. ಅಲ್ಲೀವರ್ಗೂ ಕಾರ್ಡು ಮುಟ್ಬೇಡಿ. ಒಂದು ಸೀರೇನೂ ತಗೋಬೇಡಿ."

ನಾನು ಸೀರೆ ತೆಗೆದುಕೊಂಡು ಎಷ್ಟು ಕಾಲವಾಯಿತು ಎಂದು ಅವರಿಗೆ ಹೇಳಲಿಲ್ಲ.

ದಾಸಪ್ಪನವರ ಅಂಗಡಿಗೆ ನಡೆದೇ ಹೋದೆವು. ಅವರು ಕಂಪ್ಯೂಟರಿನಲ್ಲಿ ನಮ್ಮ ಪತ್ರ ತೆರೆದು, ಕನ್ನಡಕ ಏರಿಸಿ, "ಏನ್ ತಿದ್ಬೇಕು ತಾಯಿ?" ಎಂದರು.

ನಾನು ಧರ್ಮೇಂದ್ರರ ಕಡೆ ನೋಡಿದೆ. ಅವರು ಪರದೆ ನೋಡುತ್ತಿದ್ದರು. ಅವರೇ ಹೇಳಲಿ ಎಂದು ಕಾದೆ. ಹೇಳಲಿಲ್ಲ. ಗಂಡನಿಗೆ ನಾಲ್ಕು ದಿನದಿಂದ ಹೇಳಲಾಗದ್ದನ್ನು ಪತ್ರ ಬರೆಯುವವರಿಗೆ ಹೇಳಿದೆ.

"ಮೊದಲ ಹೆಸರು ತೆಗೀರಿ."

"ಮೊದಲನೇದು... ಯಜಮಾನ್ರದ್ದಾ?"

"ಹೂಂ."

ಕರ್ಸರ್ ಸಾಲಿನ ಕೊನೆಯಲ್ಲಿತ್ತು. 'ಧರ್ಮೇಂದ್ರ ಬಿನ್ ಮುನಿನಾರಾಯಣಪ್ಪ.' ದಾಸಪ್ಪನವರು ಒಂದು ಬೆರಳಿನಿಂದ ಹಿಂದಕ್ಕೆ ಅಳಿಸುತ್ತಾ ಬಂದರು. ಮೊದಲು ಮಾವನವರು ಹೋದರು, ಒಂದೊಂದೇ ಅಕ್ಷರ. ಆಮೇಲೆ ಮಗ. ನನ್ನ ಹೆಸರು ಮೇಲಕ್ಕೆ ಜರುಗಿ ಖಾಲಿ ಜಾಗ ತುಂಬಿತು.

ನಮ್ಮಿಬ್ಬರ ಮುಖ ನೋಡಿ ದಾಸಪ್ಪನವರಿಗೆ ಕೆಡುಕೆನಿಸಿರಬೇಕು. "ನೀವೆಲ್ಲೂ ಹೋಗಲ್ಲ ಬಿಡಿ ಸಾರ್. ನೋಡಿ, 'ಹರಿಣಾಕ್ಷಿ ಕೋಂ ಧರ್ಮೇಂದ್ರ' ಅಂತ ಇದ್ದೇ ಇರ್ತೀರ."

"ಹಾಂ" ಎಂದರು ಅವರು. "ಅಡ್ರೆಸ್ ಥರ."

ಹೊರಗೆ ಬಂದು, ನನಗೆ ಬಸ್ಸಿಗೆ ಚಿಲ್ಲರೆ ಇದೆಯೇ ಎಂದು ಕೇಳಿ, ಅವರು ಮಂಡಿಯ ಕಡೆ ಹೊರಟರು. ಆ ಹೊತ್ತಿಗೆ ಮಂಡಿಯಲ್ಲಿ ವ್ಯಾಪಾರ ಇರುವುದಿಲ್ಲ, ಕೊಳೆತ ಸೊಪ್ಪು ಗುಡಿಸುವವರು ಇರುತ್ತಾರೆ. ನಾನು ಕೂಗಿದೆ, "ರೀ, ಒಂದ್ವರ್ಷ ಆದ್ಮೇಲೆ ಮತ್ತೆ ಸೇರ್ಸೋಣ." ಅವರು ತಿರುಗದೆ ಕೈ ಎತ್ತಿದರು. ಸರಿ ಅಂತಲೋ ಸಾಕು ಅಂತಲೋ ತಿಳಿಯಲಿಲ್ಲ.

ಮಂಗಳವಾರ ಹನ್ನೊಂದಕ್ಕೆ ಡ್ರಾಫ್ಟು ಕಳಿಸಿದೆ. ಹನ್ನೆರಡು, ಒಂದು, ಎರಡು. ಮಧ್ಯಾಹ್ನ ಸಮರ್ಥನೇ ಫೋನು ಮಾಡಿ, "ಏನೋ ತೊಂದ್ರೆ ಅಂತ ಕೇಳ್ದೆ. ಆಗ್ಲಿಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ ಹರಿಣಾಕ್ಷಿಯವ್ರೇ, ಬೇಜಾರೇನಿಲ್ಲ" ಎಂದ. ಅವನಿಗೆ ಬೇಜಾರಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಆತ್ರೇಯರಿಂದ ಸಂದೇಶ ಬಂತು. 'ಡಿಡಿ ಪ್ರಿಂಟ್ ಆಯಿತು. ನಾಳೆ ನಿಮ್ಮ 11.40ರ ನೋಂದಣಿಗೆ ಮುಂಚೆ ಅಲ್ಲಿಗೇ ತರುತ್ತೇನೆ.'

ಶಾಲೆಯ ಆಫೀಸಿನಲ್ಲಿ ಯಾರೂ ಇರಲಿಲ್ಲ. ಮುದ್ರಾಂಕದ ಚಲನ್ನಿನ ಪುಟ ತೆರೆದೆ. ಉಳಿದಿದ್ದ ಒಂದು ಲಕ್ಷ ನಲವತ್ತೆಂಟು ಸಾವಿರವನ್ನು ಧರ್ಮೇಂದ್ರ ಬೆಳಿಗ್ಗೆಯೇ ನನ್ನ ಖಾತೆಗೆ ಹಾಕಿದ್ದರು. ಅದನ್ನು ಕಟ್ಟಿದೆ. ಇನ್ನೊಂದು ಚಲನ್ನು ತೆರೆದು ಕಾರ್ಡಿನ ನಂಬರು ಹೊಡೆದೆ. ಹದಿನಾರು ಅಂಕಿ ನನಗೆ ಬಾಯಿಪಾಠವೇ ಇತ್ತು. ಒಂದು ಲಕ್ಷ ನಲವತ್ತೆರಡು ಸಾವಿರ. ಎರಡು ವರ್ಷ ಗ್ಯಾಸು, ಕರೆಂಟಿನಾಚೆ ಕಾಲಿಡದ ಕಾರ್ಡು ಒಂದು ನಿಮಿಷದಲ್ಲಿ ತುಂಬಿತು. ಉಳಿದ ಮಿತಿ ಎಂಟು ಸಾವಿರವೆಂದು ಫೋನು ತೋರಿಸಿತು. ಅದನ್ನು ಹನ್ನೆರಡು ಕಂತಾಗಿ ಒಡೆದರೆ ತಿಂಗಳಿಗೆ ಹದಿಮೂರು ಸಾವಿರ, ಮನೆ ಸಾಲಕ್ಕೆ ಇಪ್ಪತ್ತೊಂದು ಸಾವಿರದ ಏಳುನೂರು. ನನ್ನ ಸಂಬಳ ನಲವತ್ತೆಂಟು. ಮಂಡಿಯಲ್ಲಿ ಒಂದು ಲೋಡು ಕೆಟ್ಟರೆ ಸಾಕು, ಒಂದು ತಿಂಗಳು ತಪ್ಪಿದರೆ ಸಾಕು, ಮತ್ತೆ ಆರುನೂರ ಒಂದು. ಈ ಸಲ ಮನೆಯೂ ಬ್ಯಾಂಕಿನ ಕೈಯಲ್ಲಿರುತ್ತದೆ. ಮೇಜಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ. ಆಮೇಲೆ ಎದ್ದು ಚಲನ್ನುಗಳ ಪ್ರಿಂಟು ತೆಗೆದೆ.

ಬುಧವಾರ ಬೆಳಿಗ್ಗೆ ಧರ್ಮೇಂದ್ರ ಎಂದಿನಂತೆ ಬೆಳಗಿನ ಜಾವವೇ ಹೋಗಿಬಿಟ್ಟಿದ್ದರು. ಹಿಂದಿನ ದಿನ ಬರ್ತೀರಾ ಎಂದು ಕೇಳಿದ್ದಕ್ಕೆ "ಅಲ್ಲಿ ನಂಗೇನ್ ಕೆಲ್ಸ?" ಎಂದಿದ್ದರು. ನಾನು ಆರಾಧನಾಳನ್ನು ಕಾಲೇಜಿಗೆ ಕಳಿಸಿ, ಅಂಬುಜಮ್ಮನವರ ಜೊತೆ ಆಟೋದಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದೆ. ಸಮರ್ಥ ಆಗಲೇ ಬಂದಿದ್ದ. ಆತ್ರೇಯ ಡಿಡಿ ತಂದಿದ್ದರು. ದಾಸಪ್ಪನವರು ಕಾಗದ ಜೋಡಿಸುತ್ತಾ, "ಸಾಕ್ಷಿಗಳೆಲ್ಲಿ ತಾಯಿ? ಇಬ್ರು ಬೇಕು" ಎಂದರು.

ಒಬ್ಬರು ಸೊಣ್ಣಪ್ಪನವರು, ಇನ್ನೊಬ್ಬ ನನ್ನ ಅಣ್ಣ ರಾಮಾಂಜಿನಪ್ಪ. ಅಣ್ಣನಿಗೆ ಫೋನು ಮಾಡಿದರೆ ಹೊಸಕೋಟೆಯ ಹತ್ತಿರ ಬಸ್ಸು ಕೆಟ್ಟು ನಿಂತಿದೆ ಎಂದ. ಗಂಟೆ ಹನ್ನೊಂದು ಇಪ್ಪತ್ತೈದು.

"ನಮ್ಮ ಕಡೆಯಿಂದ ಎಲ್ಲ ರೆಡಿ ಇದೆ. ಆಮೇಲೆ ನಮ್ಮನ್ನ ಅನ್ಬೇಡಿ" ಎಂದ ಸಮರ್ಥ.

"ಸುಮ್ನಿರೋ" ಎಂದರು ಅಂಬುಜಮ್ಮ. "ಒಂಬತ್ತು ವರ್ಷ ನಮ್ಮನೇಲಿದ್ದೋರು, ಒಂಬತ್ತು ನಿಮಿಷ ಕಾಯಕ್ಕಾಗಲ್ವಾ ನಿಂಗೆ?"

ಸೊಣ್ಣಪ್ಪನವರ ಬಿಳಿ ಪಂಚೆ ಬಾಗಿಲಲ್ಲಿ ಕಂಡಿತು. ಹಿಂದೆ ಧರ್ಮೇಂದ್ರ. ಮಂಡಿಯ ಅಂಗಿಯಲ್ಲೇ ಬಂದಿದ್ದರು, ತೋಳಿನ ಮೇಲೆ ಮಣ್ಣು.

"ನಿನ್ನಣ್ಣ ಫೋನ್ ಮಾಡಿದ್ನಮ್ಮ ಇವನಿಗೆ" ಎಂದರು ಸೊಣ್ಣಪ್ಪನವರು. "ಬರಲ್ಲ ಅಂತ ಕೂತಿದ್ದ. ಅಯ್ಯೋ ನಿನ್ನ, ನಾಳೆಯಿಂದ ಎಲ್ಲಿ ಮಲಗ್ತೀಯೋ, ನಡಿ ಅಂದೆ."

ಧರ್ಮೇಂದ್ರ ನನ್ನ ಕಡೆ ನೋಡದೆ ದಾಸಪ್ಪನವರಿಗೆ ಆಧಾರ್ ಕಾರ್ಡು ಚಾಚಿದರು. "ನಾನ್ ಹಾಕ್ತೀನಿ ಸಾಕ್ಷಿ."

ನಮ್ಮ ನಂಬರು ಕರೆದರು. ಒಳಗಿನ ಕೌಂಟರಿನಲ್ಲಿ ಕ್ಯಾಮೆರಾ, ಬೆರಳಚ್ಚಿನ ಸಣ್ಣ ಯಂತ್ರ. ಮೊದಲು ಅಂಬುಜಮ್ಮ ಕೂತರು. ನಾನು ಕುರ್ಚಿಯಲ್ಲಿ ಕೂತಾಗ ಅಭ್ಯಾಸಬಲದಿಂದಲೋ ಏನೋ ಅವರು ಬಂದು ನನ್ನ ಹಿಂದೆ ನಿಂತರು.

"ಸಾರ್, ಪಕ್ಕಕ್ಕೆ ಬನ್ನಿ" ಎಂದಳು ಆಪರೇಟರು. "ಖರೀದಿದಾರ್ರು ಮಾತ್ರ ಫೋಟೋದಲ್ಲಿ."

ಅವರು ಗೋಡೆಯವರೆಗೂ ಸರಿದರು. ಬೇಕಾಗಿದ್ದಕ್ಕಿಂತ ಹೆಚ್ಚೇ ಸರಿದರು.

ಸೊಣ್ಣಪ್ಪನವರದು ಮುಗಿದ ಮೇಲೆ ಅವರ ಸರದಿ. ಆಪರೇಟರು ಪರದೆಯಿಂದ ತಲೆಯೆತ್ತದೆ ಕೇಳಿದಳು, "ಖರೀದಿ ಮಾಡ್ತಿರೋರು ನಿಮ್ಗೆ ಗೊತ್ತಾ?"

"ಗೊತ್ತು."

"ಎಷ್ಟು ವರ್ಷದಿಂದ?"

"ಇಪ್ಪತ್ತು."

"ಏನಾಗ್ಬೇಕು?"

"ಹೆಂಡ್ತಿ."

ಅವಳು ಈಗ ತಲೆಯೆತ್ತಿ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದಳು. "ಹೆಬ್ಬೆಟ್ಟು ಇಡಿ."

ಯಂತ್ರ ಕೆಂಪಾಯಿತು. ಇನ್ನೊಮ್ಮೆ ಇಟ್ಟರು, ಮತ್ತೆ ಕೆಂಪು. ಮೂವತ್ತು ವರ್ಷ ಗೋಣಿಚೀಲ ಎಳೆದು ಅವರ ಹೆಬ್ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ರೇಷನ್ ಅಂಗಡಿಯಲ್ಲೂ ಹೀಗೇ ಆಗುತ್ತದೆ.

"ಬರ್ತಿಲ್ವಲ್ಲ ಸಾರ್. ಒರೆಸ್ಕೊಂಡು ಇಡಿ."

ಅವರು ಅಂಗಿಗೆ ಒರೆಸಿಕೊಂಡರು. ಅಂಗಿಯ ತುಂಬ ಮಣ್ಣು. ಮೂರನೆಯ ಸಲವೂ ಕೆಂಪು. ಹಿಂದಿನಿಂದ ಸಮರ್ಥ ಗಡಿಯಾರ ನೋಡಿಕೊಂಡು ನಿಟ್ಟುಸಿರು ಬಿಟ್ಟಿದ್ದು ಕೇಳಿಸಿತು. ಧರ್ಮೇಂದ್ರ ತಮ್ಮ ಹೆಬ್ಬೆರಳನ್ನೇ ತಿರುಗಿಸಿ ನೋಡಿದರು. "ನೋಡು, ಇಲ್ಲೂ ನಾನು ನಡೆಯಲ್ಲ" ಎಂದರು, ನನಗೊಬ್ಬಳಿಗೇ ಕೇಳುವಂತೆ.

ನಾನು ಹೋಗಿ ಅವರ ಕೈ ಹಿಡಿದುಕೊಂಡೆ. ಸೆರಗಿನಿಂದ ಹೆಬ್ಬೆರಳನ್ನು ಚೆನ್ನಾಗಿ ಒರೆಸಿದೆ, ಉಗುರಿನ ಸಂದಿಯಲ್ಲಿದ್ದ ಮಣ್ಣನ್ನೂ ತೆಗೆದೆ. ಆಮೇಲೆ ಅದನ್ನು ಗಾಜಿನ ಮೇಲಿಟ್ಟು ನನ್ನ ಹೆಬ್ಬೆರಳಿನಿಂದ ಮೇಲೆ ಒತ್ತಿ ಹಿಡಿದೆ.

"ಅಲ್ಲಾಡಿಸ್ಬೇಡಿ" ಎಂದಳು ಆಪರೇಟರು.

ಅಲ್ಲಾಡಿಸಲಿಲ್ಲ. ಇಬ್ಬರೂ ಉಸಿರು ಬಿಗಿಹಿಡಿದು ನಿಂತೆವು. ಹಸಿರು ಹತ್ತಿತು.

"ಆಯ್ತು. ಮುಂದಿನವ್ರು ಬನ್ನಿ."